ದಾರುಫಲಕದಲ್ಲಿ ಮುಖಸಾದೃಶ್ಯ: ತಿಮೊಥಿ ಕೋಲನ ಕೆತ್ತನೆಗಳು

ದುಂಡಸಿ, ಹಾನಗಲ್ಲು, ಹಿರೇಕೆರೂರುಗಳ ಸೀಮೆಯ ವೀರಗಲ್ಲುಗಳಲ್ಲಿ, ಶಾಸನವಿದ್ದೆಡೆ, ಮಡಿದವನ ಹೆಸರನ್ನು ಅಕ್ಷರವು ತಿಳಿಸುವುದು. ಮುಖವಾದರೋ ವೀರಸಾಮಾನ್ಯದ್ದೇ ಹೊರತು ಆ ವ್ಯಕ್ತಿಯದಲ್ಲ. ವ್ಯಕ್ತಿವಿಶೇಷದ ಮುಖವನ್ನೇ ಕೆತ್ತಹೊರಟವನಿಗೆ ಸ್ವಾತಂತ್ರ್ಯವೆಷ್ಟು? ಈ ಪ್ರಶ್ನೆಯು ಹತ್ತೊಂಬತ್ತನೆಯ ಶತಮಾನದ ಅಮೆರಿಕೆಯಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ವಾದಿ ಪ್ರತಿವಾದಿಗಳಿಬ್ಬರೂ ಲಂಡನ್ನಿನಲ್ಲಿ ಹುಟ್ಟಿ ಆ ದೇಶಕ್ಕೆ ವಲಸೆ ಹೋದವರೇ.

1852ರಲ್ಲಿ ಜನಿಸಿದ ತಿಮೊಥಿ ಕೋಲನು ಬಾಲ್ಯದಲ್ಲಿಯೇ ಅಮೆರಿಕೆಯನ್ನು ಸೇರಿ ಚಿಕಾಗೋವಿನಲ್ಲಿ ಈ ವಿದ್ಯೆಯನ್ನು ಕಲಿತನು. 1871ರ ಮಹಾಗ್ನಿಯ ತರುವಾಯ ನ್ಯೂಯಾರ್ಕಿಗೆ ಬಂದು 'ಸ್ಕ್ರಿಬ್ನರ್ಸ್' ಮಾಸಪತ್ರಿಕೆಯ ಆಶ್ರಯವನ್ನು ಪಡೆದು, ವಯಾಟ್ ಈಟನನು ಬರೆದ ಲಾಂಗ್‌ಫೆಲೋ, ಎಮರ್ಸನ್ ಮೊದಲಾದವರ ಮುಖಚಿತ್ರಗಳನ್ನು ಕೆತ್ತಿದನು. ಗಟ್ಟಿಮರದ ಅಡ್ಡಕೊಯ್ತದ ಮೈಯಲ್ಲಿ ಉಳಿಯು ತೆಗೆದುದು ಬಿಳಿದಾಗಿಯೂ ಬಿಟ್ಟುದು ಕಪ್ಪಾಗಿಯೂ ಅಚ್ಚಾಗುವುದು. ಆ ಕಾಲಕ್ಕೆ ಛಾಯಾಗ್ರಹಣದಿಂದಲೇ ಮೂಲಚಿತ್ರವನ್ನು ಹಲಗೆಯ ಮೇಲೆ ಇಳಿಸುವ ಕ್ರಮವು ಬಂದಿದ್ದುದರಿಂದ, ಬಿಡಿ ರೇಖೆಯ ಅಂದಕ್ಕಿಂತ ಮೂಲದ ಛಾಯಾಭೇದವೇ ಹೊಸ ಪಂಥದವರಿಗೆ ಮುಖ್ಯವಾಯಿತು.

ಕೋಲನಿಗಿಂತ 40 ವರ್ಷ ಹಿರಿಯನಾದ ವಿಲಿಯಂ ಜೇಮ್ಸ್ ಲಿಂಟನನು 1879ರಲ್ಲಿ ಇದನ್ನು ತೀವ್ರವಾಗಿ ಖಂಡಿಸಿದನು. ಪ್ರತಿಯೊಂದು ರೇಖೆಗೂ ಅರ್ಥವಿರಬೇಕು. ಮೇಲ್ಮೈಯ ಅನುಕರಣವು ಕಲೆಯಲ್ಲ ಎಂಬುದು ಅವನ ಮತದ ಸಾರ.

ಈ ಆಕ್ಷೇಪದ ಪೂರ್ವಾರ್ಧವು ಗ್ರಾಹ್ಯವಾದುದು. ಯಶೋಧರನ 'ಜಯಮಂಗಲಾ' ವ್ಯಾಖ್ಯಾನವು ಹೇಳುವ ಚಿತ್ರದ ಷಡಂಗಗಳಲ್ಲಿ ಸಾದೃಶ್ಯದೊಡನೆ ಭಾವವೂ ಎಣಿಸಲ್ಪಟ್ಟಿದೆ. ಭಾವಹೀನವಾದ ಸಾದೃಶ್ಯವು ಬರಿಯ ಪ್ರತಿಯೇ ಸರಿ. ಆದರೆ ಮೂಲವನ್ನು ಅನುಸರಿಸುವುದೇ ದೋಷವೆಂದರೆ ಮಲ್ಲಿನಾಥನ ಟೀಕೆಗೂ ಬೆಲೆಯಿಲ್ಲವೆನ್ನಬೇಕಾದೀತು. ಲಿಂಟನನು ಕೆತ್ತುವವನಲ್ಲಿ ಕವಿಯನ್ನು ಅರಸಿದನು; ಕೋಲನು ವ್ಯಾಖ್ಯಾನಕಾರ. ತಾನು ಮರೆಯಾಗಿ ಮೂಲವನ್ನು ಬೆಳಗಿಸುವುದೇ ವ್ಯಾಖ್ಯಾನಕಾರನ ಪ್ರತಿಭೆ.

ಇದಕ್ಕೆ ಕೋಲನ ಮುಂದಿನ ಜೀವಿತವೇ ಪ್ರಮಾಣ. 'ಸೆಂಚುರಿ' ಎಂದು ಹೆಸರನ್ನು ಬದಲಿಸಿಕೊಂಡ ಅದೇ ಪತ್ರಿಕೆಯು 1883ರಲ್ಲಿ ಅವನನ್ನು ಯೂರೋಪಿನ ಪ್ರಾಚೀನ ಚಿತ್ರಗಳನ್ನು ಕೆತ್ತಲು ಕಳುಹಿಸಿತು. ಹಲಗೆಯ ಮೇಲೆ ಛಾಯಾಬಿಂಬವಿದ್ದರೂ ಅವನು ಚಿತ್ರಶಾಲೆಗಳಲ್ಲಿ ಮೂಲಚಿತ್ರಗಳ ಇದಿರಿನಲ್ಲಿಯೇ ಕುಳಿತು ಕೆತ್ತಿದನು. ವರ್ಣಗಳ ತಾರತಮ್ಯವನ್ನು ನಿರ್ಣಯಿಸಲು ಕಣ್ಣೇ ಬೇಕಷ್ಟೆ. ಇಟಲಿಯ ಚಿತ್ರಗಳ ಸಂಪುಟವು 1892ರಲ್ಲಿಯೂ ಸ್ಪೇನಿನದು 1907ರಲ್ಲಿಯೂ ಹೊರಬಂದುವು. ಅಷ್ಟರಲ್ಲಿ ಹಾಫ್‌ಟೋನ್ ಅಚ್ಚು ಬಳಕೆಗೆ ಬಂದು, ಪತ್ರಿಕೆಗಳಲ್ಲಿ ಕೆತ್ತುವವನ ಸ್ಥಾನವನ್ನು ಯಂತ್ರವೇ ಆಕ್ರಮಿಸಿತು. 1931ರಲ್ಲಿ ಕೋಲನು ತೀರಿಕೊಂಡನು.

ಬರಿಯ ಅನುಕರಣವೇ ಅವನ ಗುಣವಾಗಿದ್ದರೆ, ಯಂತ್ರವು ಬಂದ ದಿನವೇ ಅವನ ಹಲಗೆಗಳು ವ್ಯರ್ಥವಾಗಬೇಕಾಗಿದ್ದಿತು. ಹಾಗಾಗಲಿಲ್ಲ. ನೋಡುವವನ ವಿವೇಕವು ಪ್ರತಿ ರೇಖೆಯಲ್ಲಿಯೂ ಉಳಿದಿರುವುದೇ ಅದಕ್ಕೆ ಕಾರಣ. ರೇಖೆಗೆ ಅರ್ಥವಿರಬೇಕೆಂಬ ಲಿಂಟನನ ನಿಯಮವನ್ನು ಅವನಿಂದ ಖಂಡಿತನಾದ ಶಿಲ್ಪಿಯೇ ಸಾಧಿಸಿ ತೋರಿಸಿದನೆಂದು ಹೇಳಬಹುದು.