ಮಂದೆ ಕಾಯ್ದ ಹುಡುಗ, ಗುಡಿ ಸೇರಿದ ಹುಡುಗಿ



ಮಗುವಿನ ಕೈಗೆ ನಾವು ಏನನ್ನು ಒಪ್ಪಿಸುತ್ತೇವೆ ಎಂಬುದು ಒಂದು ಪ್ರಶ್ನೆ. ಮಗುವನ್ನೇ ಯಾರ ಕೈಗೆ ಒಪ್ಪಿಸುತ್ತೇವೆ ಎಂಬುದು ಮತ್ತೊಂದು. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ (1929–2018) ತಮ್ಮ 'ಅರ್ಥ್‌ಸೀ' ಕಾದಂಬರಿಗಳಲ್ಲಿ ಈ ಎರಡು ಪ್ರಶ್ನೆಗಳನ್ನೂ ಎತ್ತಿದ್ದಾರೆ. ಅರ್ಥ್‌ಸೀ ಎಂಬುದು ಕಾಲ್ಪನಿಕ ದ್ವೀಪಗಳ ಲೋಕ. ಅಲ್ಲಿ ಮಾಂತ್ರಿಕರಿದ್ದಾರೆ, ಘಟಸರ್ಪಗಳಿವೆ. ಆದರೆ ಲೇಖಕಿ ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಕ್ರೋಬರ್ ಅವರ ಮಗಳು. ಆದ್ದರಿಂದಲೋ ಏನೋ, ಆ ಲೋಕದ ಹಳ್ಳಿಗಳಿಗೆ, ಕಸುಬುಗಳಿಗೆ, ಆಚರಣೆಗಳಿಗೆ ನಿಜವಾದ ಸಮಾಜದ ತೂಕವಿದೆ.

ಮೊದಲ ಕಾದಂಬರಿ 'ಎ ವಿಝರ್ಡ್ ಆಫ್ ಅರ್ಥ್‌ಸೀ' (1968). ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ತಾಯಿಯಿಲ್ಲದ ಬಾಲಕ ಡನಿ ಮೇಕೆ ಕಾಯುತ್ತಾನೆ. ಮಾಟಗಾತಿಯಾದ ಚಿಕ್ಕಮ್ಮ ಮೇಕೆಯೊಂದನ್ನು ಕರೆಯಲು ನುಡಿದ ಮಾತನ್ನು ಕೇಳಿಸಿಕೊಂಡು, ಮರುದಿನ ಹುಲ್ಲುಗಾವಲಿನಲ್ಲಿ ಅದನ್ನೇ ಕೂಗುತ್ತಾನೆ. ಮೇಕೆಗಳೆಲ್ಲ ಓಡಿಬಂದು ಅವನನ್ನು ಮುತ್ತಿಕೊಳ್ಳುತ್ತವೆ. ಬಿಡುಗಡೆ ಮಾಡುವ ಮಾತು ಅವನಿಗೆ ತಿಳಿಯದು. ಹೆದರಿ ಊರಿಗೆ ಓಡುತ್ತಾನೆ, ಮಂದೆಯೂ ಜೊತೆಗೇ ಓಡುತ್ತದೆ. ನಗು ಬರಿಸುವ ಈ ಪ್ರಸಂಗ ಇಡೀ ಕಥೆಯ ಬೀಜ. ನುಡಿಗೆ ಶಕ್ತಿಯಿದೆ, ಕರೆದವನು ಹೊಣೆ ಹೊರಬೇಕು ಎಂಬ ಪಾಠದ ಮೊದಲ ಅಕ್ಷರವನ್ನು ಅವನು ಕಲಿತದ್ದು ಮೇಕೆಗಳ ನಡುವೆ. ಹದಿಮೂರರ ವಯಸ್ಸಿನಲ್ಲಿ ಅವನ ಬಾಲ್ಯದ ಹೆಸರನ್ನು ಕಳಚುತ್ತಾರೆ. ಅವನು ತಣ್ಣನೆಯ ಹೊಳೆಯನ್ನು ದಾಟಿದಾಗ ಗುರು ಓಗಿಯನ್ ಅವನ ನಿಜನಾಮವನ್ನು ಕಿವಿಯಲ್ಲಿ ಉಸುರುತ್ತಾನೆ: ಗೆಡ್.

ಎರಡನೆಯ ಕಾದಂಬರಿ 'ದಿ ಟೂಂಬ್ಸ್ ಆಫ್ ಅಟುವಾನ್' (1971) ಇದಕ್ಕೆ ಎದುರಾಗಿ ನಿಲ್ಲುತ್ತದೆ. ಹಿಂದಿನ ಪೂಜಾರಿಣಿ ಸತ್ತ ರಾತ್ರಿಯೇ ಹುಟ್ಟಿದಳೆಂಬ ಕಾರಣಕ್ಕೆ ಟೆನಾರ್ ಎಂಬ ಹಳ್ಳಿಯ ಮಗುವನ್ನು ಐದನೆಯ ವಯಸ್ಸಿನಲ್ಲಿ ಹೆತ್ತವರಿಂದ ಕೊಂಡೊಯ್ಯುತ್ತಾರೆ. ಅವಳ ಹೆಸರನ್ನೂ ಕಳಚುತ್ತಾರೆ. ಬದಲಿಗೆ ಅವಳಿಗೆ ಸಿಗುವುದು 'ಅರ್ಹಾ', ಅಂದರೆ 'ನುಂಗಲ್ಪಟ್ಟವಳು'. ಎಲ್ಲರೂ ಅವಳ ಮುಂದೆ ತಲೆಬಾಗುತ್ತಾರೆ, ಆದರೆ ಅವಳನ್ನು ಅವಳಾಗಿ ನೋಡುವವರು ತೀರ ವಿರಳ. ಹರೆಯಕ್ಕೆ ಕಾಲಿಡುವಾಗಲೇ ಸೆರೆಯಾಳುಗಳಿಗೆ ಮರಣ ವಿಧಿಸುವುದು ಅವಳ ಪಾಲಿನ ಧರ್ಮಕಾರ್ಯವಾಗುತ್ತದೆ. ಕೊನೆಗೆ ನೆಲದಡಿಯ ಕತ್ತಲಲ್ಲಿ ಅವಳ ಹೆಸರನ್ನು ಮರಳಿ ಕೊಡುವವನು ಆ ಹಿಂದಿನ ಮೇಕೆ ಕಾಯುವ ಹುಡುಗನೇ.

ಇದು ಧರ್ಮವನ್ನು ಹೀಗಳೆಯುವ ಕೃತಿಯೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆನಿಸುವುದಿಲ್ಲ. ಎರಡು ಕಡೆಯೂ ಆಚರಣೆಯಿದೆ, ಎರಡು ಕಡೆಯೂ ಹಳೆಯ ಹೆಸರು ಹೋಗುತ್ತದೆ. ಒಂದು ಆಚರಣೆ ಬಾಲಕನಿಗೆ ಅವನದೇ ಹೆಸರನ್ನು ಕೊಡುತ್ತದೆ. ಇನ್ನೊಂದು ಬಾಲಕಿಯನ್ನು ಬರಿಯ ಪದವಿಯಾಗಿ ಮಾಡುತ್ತದೆ. ಲೇಖಕಿ ಖಂಡಿಸುವುದು ಈ ಎರಡನೆಯದನ್ನು.

ಒಂದು ಕೊರತೆಯನ್ನು ಹೇಳಲೇಬೇಕು. ಮೊದಲ ಕಾದಂಬರಿ ಹುಲ್ಲುಗಾವಲನ್ನು ಬಹುಬೇಗ ಬಿಟ್ಟು ಮಾಂತ್ರಿಕರ ವಿದ್ಯಾಲಯಕ್ಕೆ ಧಾವಿಸುತ್ತದೆ. ಮಂದೆ ಕಾಯುವುದು ದಾಟಿಹೋಗಬೇಕಾದ ಕೀಳು ಮೆಟ್ಟಿಲೆಂಬಂತೆ. ಲೇಖಕಿ ಈ ಸಾಲವನ್ನು 'ತೆಹಾನು' (1990) ಕಾದಂಬರಿಯಲ್ಲಿ ತೀರಿಸುತ್ತಾರೆ. ಅಲ್ಲಿ ಶಕ್ತಿಯನ್ನೆಲ್ಲ ಕಳೆದುಕೊಂಡ ಗೆಡ್ ಮತ್ತೆ ಬೆಟ್ಟಕ್ಕೆ ಮೇಕೆ ಕಾಯಲು ಹೋಗುತ್ತಾನೆ. ಅದು ಸೋಲಿನಂತೆ ಕಂಡರೂ ಅವನು ಮನುಷ್ಯನಾಗಿ ಚೇತರಿಸಿಕೊಳ್ಳುವುದು ಆ ದಾರಿಯಲ್ಲೇ.

ನಮ್ಮ ಪವಿತ್ರ ಗ್ರಂಥವೂ ಈ ಇಬ್ಬರು ಮಕ್ಕಳನ್ನು ಬಲ್ಲದು. ಸಮುವೇಲನು ಬಲಿಯರ್ಪಣೆಗೆ ಬಂದಾಗ ಮನೆಯವರು ಕಿರಿಯವನಾದ ದಾವೀದನನ್ನು ಕರೆಯದೆ ಕುರಿಗಳ ಬಳಿಯೇ ಬಿಟ್ಟಿದ್ದರು. ದೇವರು ಆರಿಸಿಕೊಂಡದ್ದು ಅವನನ್ನೇ. ಆ ಸಮುವೇಲನೂ ಒಮ್ಮೆ ಹರಕೆಯ ಮಗು. ಆದರೆ ತಾಯಿ ಹನ್ನಳು ಅವನನ್ನು ಒಪ್ಪಿಸಿ ಮರೆತವಳಲ್ಲ. ವರ್ಷ ವರ್ಷವೂ ಬೆಳೆಯುವ ಮೈಗೆ ತಕ್ಕ ಪುಟ್ಟ ನಿಲುವಂಗಿಯನ್ನು ಹೊಲಿದು ತಂದಳು. ದೇವರು ಆ ಬಾಲಕನನ್ನು ಕರೆದದ್ದು ಅವನ ಹೆಸರಿನಿಂದಲೇ. ಟೆನಾರಳಿಗೆ ಇಲ್ಲದೆ ಹೋದದ್ದು ಇವೆರಡೇ: ಅಳತೆ ಬಲ್ಲ ತಾಯಿ, ಹೆಸರು ಬಲ್ಲ ದೇವರು.

ಓದುಗರೇ, ಚೊಚ್ಚಲ ಮಗನನ್ನು ಗುರುಮಠಕ್ಕೆ ಕೊಡುತ್ತೇವೆ, ಮಗಳನ್ನು ಕನ್ಯಾಮಠಕ್ಕೆ ಕಳುಹಿಸುತ್ತೇವೆ ಎಂದು ಹರಕೆ ಹೊತ್ತ ಮನೆಗಳು ನಮ್ಮಲ್ಲಿವೆ. ಆ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಹರಕೆ ಹೊತ್ತವರು ನೀವು, ಹೋಗಬೇಕಾದದ್ದು ಮಗು. ನಿಮ್ಮ ಮಗನೋ ಮಗಳೋ ತಮ್ಮದೇ ದನಿಯಲ್ಲಿ 'ಆಗಲಿ' ಎನ್ನುವವರೆಗೆ ಕಾಯಿರಿ. 'ಒಲ್ಲೆ' ಎಂದರೆ ಆ ಮಾತಿಗೂ ಮನೆಯಲ್ಲಿ ಜಾಗವಿರಲಿ. ಅಲ್ಲಿಯವರೆಗೆ ಅವರ ಕೈಗೆ ಕಾಯುವುದಕ್ಕೆ ಏನನ್ನಾದರೂ ಕೊಡಿ: ಒಂದು ಆಡು, ಒಂದು ಗಿಡ, ಇಲ್ಲವೇ ಹಾಸಿಗೆ ಹಿಡಿದ ಅಜ್ಜಿಯ ಆರೈಕೆ.