ಜರ್ಸಿ ಪಿಶಾಚಿ: ಐತಿಹ್ಯ ಮತ್ತು ದೂರದರ್ಶನ

ಅಮೆರಿಕದ ನ್ಯೂ ಜರ್ಸಿಯ ಪೈನ್ ಕಾಡಿನಲ್ಲಿ 1735ರಲ್ಲಿ ಲೀಡ್ಸ್ ಮನೆತನದ ತಾಯಿಯೊಬ್ಬಳಿಗೆ ಹುಟ್ಟಿದ ಹದಿಮೂರನೆಯ ಶಿಶುವು ರೆಕ್ಕೆಯುಳ್ಳ ಪಿಶಾಚಿಯಾಗಿ ಹಾರಿಹೋಯಿತೆಂಬುದು ಐತಿಹ್ಯ. ಈ ‘ಜರ್ಸಿ ಪಿಶಾಚಿ’ಯನ್ನು ಕುರಿತು ‘ದಿ ಎಕ್ಸ್-ಫೈಲ್ಸ್’ ಎಂಬ ದೂರದರ್ಶನಮಾಲೆಯ ಕಂತೊಂದು 1993ರಲ್ಲಿ ಪ್ರಸಾರವಾಯಿತು. ಅದರಲ್ಲಿ ಪಿಶಾಚಿಗೆ ರೆಕ್ಕೆಗಳಿಲ್ಲ. ಅಟ್ಲಾಂಟಿಕ್ ಸಿಟಿಯ ಅಂಚಿನಲ್ಲಿ ಅಲೆಯುವ ಆದಿಮಾನವ ಸ್ತ್ರೀಯೇ ಅದು. ಆಕೆ ಗುಂಡಿಗೆ ಬಲಿಯಾದಾಗ ಭಯಕ್ಕಿಂತ ಕರುಣೆಯೇ ಮಿಗಿಲಾಗುವುದು ಕಂತಿನ ಗುಣವೆಂದು ನಾವು ಒಪ್ಪುತ್ತೇವೆ.

ಆದರೆ ಕಥೆಯ ಕೇಂದ್ರದಲ್ಲಿ ಲೀಡ್ಸ್ ಮನೆತನವಿಲ್ಲ. ದೋಷವಿರುವುದು ಇಲ್ಲಿಯೇ. ಡೇನಿಯಲ್ ಲೀಡ್ಸನು 1687ರಲ್ಲಿ ಜ್ಯೋತಿಷ್ಯವನ್ನೊಳಗೊಂಡ ಪಂಚಾಂಗವನ್ನು ಪ್ರಕಟಿಸಲು, ಅವನ ಮತಬಾಂಧವರಾದ ಕ್ವೇಕರರು ಅದನ್ನು ಖಂಡಿಸಿದರು. ಮುಂದೆ ಅವನು ಅವರಿಗೆದುರಾಗಿ ಬರೆದಾಗ, 1700ರ ಖಂಡನಗ್ರಂಥವೊಂದು ತನ್ನ ಹೆಸರಿನಲ್ಲಿಯೇ ಅವನನ್ನು ಸೈತಾನನ ಮುಂದೂತನೆಂದು ಜರೆಯಿತು. ಅವನ ಮಗ ಟೈಟನ್ನನು 1733ರಲ್ಲಿ ಸಾಯುವನೆಂದು ಪ್ರತಿಸ್ಪರ್ಧಿ ಪಂಚಾಂಗಕರ್ತನಾದ ಬೆಂಜಮಿನ್ ಫ್ರಾಂಕ್ಲಿನ್ನನು ವಿನೋದಕ್ಕಾಗಿ ಭವಿಷ್ಯ ನುಡಿದು, ಬಳಿಕ ಬದುಕಿದ್ದವನನ್ನೇ ಸತ್ತವನೆಂದು ಸಾರಿದನು. ಟೈಟನ್ ನಿಜವಾಗಿ ಮೃತನಾದುದು 1738ರಲ್ಲಿ.

ಇಂತಹ ನಿಂದೆ, ಪರಿಹಾಸ್ಯಗಳಿಂದಲೇ ‘ಲೀಡ್ಸ್ ಪಿಶಾಚಿ’ ಬೆಳೆಯಿತೆಂದು ಇತಿಹಾಸಜ್ಞರು ವಾದಿಸಿದ್ದಾರೆ. ಈ ವಾದವು ನಮಗೆ ಸಮಂಜಸವಾಗಿ ತೋರುತ್ತದೆ. ಕಾಡಿನಲ್ಲಿರುವ ಪ್ರಾಣಿ ಯಾವುದೆಂದು ಕಂತು ಕೇಳುತ್ತದೆ. ಯಾರು, ಯಾರನ್ನು, ಏತಕ್ಕಾಗಿ ಪಿಶಾಚಿಯೆಂದರು ಎಂದು ಕೇಳುವುದಿಲ್ಲ. ಉತ್ತರ ದೊರೆತಂತೆ ಕಂಡರೂ ಒಂದು ಮನೆತನದ ಮೇಲಣ ಅಪವಾದವು ವಿಚಾರಣೆಯಿಲ್ಲದೆ ಉಳಿಯುತ್ತದೆ. ಯಾವ ಊರಿನ ಪಿಶಾಚಕಥೆಯನ್ನಾದರೂ ಪರಿಶೀಲಿಸುವ ವಿದ್ಯಾರ್ಥಿಗಳು ಈ ಎರಡನೆಯ ಪ್ರಶ್ನೆಯಿಂದಲೇ ತೊಡಗುವುದು ಲೇಸು.