ಕಲ್ಲು ಊರಲ್ಲೇ ಇರಲಿ

ಮುಳಬಾಗಿಲು ಸೀಮೆಯ ಚರಿತ್ರೆಯ ಮಾತು ಬಂದಾಗಲೆಲ್ಲ ಒಂದು ಸಲಹೆ ಕೇಳಿಬರುತ್ತದೆ: ಹೊಲದ ಬದುವಿನಲ್ಲೂ ಕೆರೆಯ ಏರಿಯ ಮೇಲೂ ಇರುವ ವೀರಗಲ್ಲು, ಶಾಸನಗಳನ್ನೆಲ್ಲ ಒಂದು ಮ್ಯೂಸಿಯಮ್ಮಿಗೆ ಸಾಗಿಸಿ ಸಾಲಾಗಿ ನಿಲ್ಲಿಸಿದರೆ ಅವು ಉಳಿಯುತ್ತವೆ, ನೋಡುವವರೂ ಬರುತ್ತಾರೆ. ಹೇಳುವವರ ಕಾಳಜಿ ನಿಜ. ಸಲಹೆ ಮಾತ್ರ ತಪ್ಪು.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ವೀರಗಲ್ಲಿದೆ. ಗಂಗ ದೊರೆ ಎರೆಯಪ್ಪನ ಅಪ್ಪಣೆಯ ಮೇರೆಗೆ ನಾಗತ್ತರನೆಂಬ ವೀರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆಯ ವಿರುದ್ಧ ಕಾದಿ ಮಡಿದ ಕಥೆ ಅದರದ್ದು. ಕೆತ್ತನೆ ಅದ್ಭುತ. ಆದರೆ ಆ ಶಾಸನ, ನಾಗತ್ತರ ಮಡಿದ ಮೇಲೆ ದೊರೆ ಇರುಗನೆಂಬವನಿಗೆ ಬಿಟ್ಟುಕೊಟ್ಟ ಬೇಗೂರು ಹನ್ನೆರಡರ ಊರುಗಳನ್ನೂ ಹೆಸರಿಸುತ್ತದೆ. ಅದರಲ್ಲಿ ಬರುವ ಕೂಡಲು, ಇಗ್ಗಲೂರು ಎಂಬ ಹೆಸರುಗಳು ಬೇಗೂರಿನ ಆಸುಪಾಸಿನವರಿಗೆ ಇವತ್ತಿಗೂ ಪರಿಚಿತ. ಆ ಕಲ್ಲು ಬೇಗೂರಿನಲ್ಲಿದ್ದಿದ್ದರೆ ಊರಿನ ಹುಡುಗ ಕೈಚಾಚಿ ದಿಕ್ಕು ತೋರಿಸಬಹುದಿತ್ತು. ಗ್ಯಾಲರಿಯಲ್ಲಿ ಅವು ಬರೀ ಹೆಸರುಗಳು. ಇದೇ ನಾಗತ್ತರನ ಮಗ ಬುಟ್ಟಣಸೆಟ್ಟಿ ಬೆಂಗಳೂರು ಕಾಳಗದಲ್ಲಿ ಸತ್ತದ್ದನ್ನು ಹೇಳುವ ಇನ್ನೊಂದು ಶಾಸನ ಬೇಗೂರಿನ ನಾಗೇಶ್ವರ ಗುಡಿಯಲ್ಲೇ ಉಳಿಯಿತು. ಬೆಂಗಳೂರು ಎಂಬ ಹೆಸರನ್ನು ಹುಡುಕಿಕೊಂಡು ಜನ ಅಲ್ಲಿಗೇ ಹೋಗುತ್ತಾರೆ. ಅಪ್ಪನ ಕಲ್ಲು ನಗರದಲ್ಲಿ, ಮಗನ ಕಲ್ಲು ಊರಿನಲ್ಲಿ. ಎರಡನ್ನೂ ಒಟ್ಟಿಗೆ ಓದುವ ಅವಕಾಶ ನಮ್ಮ ಕೈತಪ್ಪಿತು.

ನಮ್ಮ ಮುಳಬಾಗಿಲು ಸೀಮೆಯ ಆವನಿಗೆ ಬನ್ನಿ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಕೋಲಾರ ಸಂಪುಟದಲ್ಲಿ ಇಲ್ಲಿನ ಕ್ರಿ.ಶ. 961ರ ಶಾಸನವೊಂದಿದೆ. ತ್ರಿಭುವನಕರ್ತರನೆಂಬ ತಪಸ್ವಿ 40 ವರ್ಷ ಆವನಿಯ ಸ್ಥಾನವನ್ನು ಆಳಿ, 50 ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಅದು ಹೇಳುತ್ತದೆ. ಅರಸನಲ್ಲದ ಒಬ್ಬ ಸನ್ಯಾಸಿಯ ಆಡಳಿತದ ಲೆಕ್ಕವಿದು. ಇದನ್ನು ಓದಿ ತಲೆ ಎತ್ತಿದರೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು ಎದುರಿಗಿವೆ. ಆ ಎರಡು ಕೆರೆ ಯಾವುವು, 50ರಲ್ಲಿ ಉಳಿದವೆಷ್ಟು ಎಂಬ ಪ್ರಶ್ನೆ ಅಲ್ಲಿ ನಿಂತವನಿಗೆ ತಾನಾಗಿ ಹುಟ್ಟುತ್ತದೆ. ದೂರದ ಹಾಲ್‌ನಲ್ಲಿ ‘ನೊಳಂಬರ ಕಾಲ, 10ನೇ ಶತಮಾನ’ ಎಂಬ ಫಲಕದ ಮುಂದೆ ಹುಟ್ಟುವುದಿಲ್ಲ.

ಕಲ್ಲನ್ನು ಊರಲ್ಲೇ ಬಿಟ್ಟು ಅವುಗಳ ಚಿತ್ರಗಳ ಪ್ರದರ್ಶನ ಮಾಡೋಣ ಎಂದರೆ, ಮೂಲ ಶಿಲ್ಪಗಳಿಲ್ಲದೆ ಪ್ರದರ್ಶನವೆಂಥದ್ದು ಎಂದು ಕೇಳುವವರಿದ್ದಾರೆ. ಈ ಸೀಮೆಯನ್ನೂ ಆಳಿದ ನೊಳಂಬ ಅರಸರ ಕಾಲದ ಕಲೆಯನ್ನೇ ತೆಗೆದುಕೊಳ್ಳಿ. ಅವರ ರಾಜಧಾನಿ ಹೇಮಾವತಿಯ ಶಿಲ್ಪಗಳಲ್ಲಿ ಹಲವು ಚೆನ್ನೈ ಮ್ಯೂಸಿಯಮ್ಮಿನಲ್ಲಿವೆ, ಸಿ. ಶಿವರಾಮಮೂರ್ತಿ 1964ರಲ್ಲಿ ಅವುಗಳ ಬಗ್ಗೆಯೇ ಪುಸ್ತಕ ಬರೆದರು. ಚೋಳರು ಹೊತ್ತೊಯ್ದ ನೊಳಂಬ ಕಂಬಗಳು ತಿರುವೈಯಾರಿನ ಗುಡಿಯಲ್ಲಿ ನಿಂತಿವೆ. ಉಳಿದದ್ದು ಹೇಮಾವತಿಯಲ್ಲಿ, ಆವನಿಯಲ್ಲಿ. ಇವನ್ನೆಲ್ಲ ಒಂದೇ ಸೂರಿನಡಿ ತರಲು ಯಾರಿಂದಲೂ ಆಗದು. ದೊಡ್ಡ ಅಳತೆಯ ಒಳ್ಳೆಯ ಛಾಯಾಚಿತ್ರ, ನಕಾಶೆ, ಶಾಸನದ ಪಡಿಯಚ್ಚುಗಳಿಂದ ಆಗುತ್ತದೆ.

ಪಡಿಯಚ್ಚು ತೆಗೆಯುವುದೇ ನೋಡತಕ್ಕ ಕೆಲಸ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಅಕ್ಷರದ ಕುಳಿಗಳಿಗೆ ಕೂರುವಂತೆ ಬ್ರಷ್‌ನಿಂದ ಬಡಿದು ಮಸಿ ಒತ್ತಿದರೆ, ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಮೂಡುತ್ತದೆ. ಅದನ್ನು ಶಾಲೆಯ ಮಕ್ಕಳೆದುರು ಮಾಡಿ ತೋರಿಸಬೇಕು; ಅವರ ಪಾಲಿಗೆ ಶಾಸನ ಓದುವ ಮೊದಲ ಪಾಠ ಅದೇ ಆಗಲಿ.

ಎಲ್ಲ ಕಲ್ಲುಗಳೂ ಇದ್ದಲ್ಲೇ ಸುರಕ್ಷಿತವೆಂದು ನಾನು ಹೇಳುತ್ತಿಲ್ಲ. ರಸ್ತೆ ಅಗಲವಾಗುವಲ್ಲಿ, ಲೇಔಟ್ ಏಳುವಲ್ಲಿ, ಕ್ವಾರಿಯ ಪಕ್ಕದಲ್ಲಿ ಇರುವುದನ್ನು ಎತ್ತಲೇಬೇಕು. ಎತ್ತಿದ್ದು ಅದೇ ಊರಿನ ಶಾಲೆಯ ಅಂಗಳಕ್ಕೋ ಗುಡಿಯ ಪ್ರಾಕಾರಕ್ಕೋ ಹೋಗಲಿ; ಮೊದಲು ನಿಂತಿದ್ದ ಜಾಗ, ಮುಖ ಮಾಡಿದ್ದ ದಿಕ್ಕು ದಾಖಲಾಗಲಿ. ಹಲ್ಮಿಡಿ ಶಾಸನದ ಮೂಲ ಮೈಸೂರಿಗೆ ಹೋಗಿ ಊರಿಗೆ ಪ್ರತಿಕೃತಿ ಸಿಕ್ಕಿತು. ಇನ್ನು ಮುಂದೆ ಪ್ರತಿಕೃತಿ ಮ್ಯೂಸಿಯಮ್ಮಿಗೆ ಸಿಗಲಿ.

ಮೊದಲ ಪ್ರದರ್ಶನ ಶಿವರಾತ್ರಿಯ ಹೊತ್ತಿಗೆ, ಆವನಿ ಜಾತ್ರೆಯಲ್ಲೇ ನಡೆಯಬೇಕು. ದನ ಕೊಳ್ಳಲು, ಹರಕೆ ತೀರಿಸಲು ಸುತ್ತಲ ಊರುಗಳಿಂದ ಬರುವ ಜನರೇ ಅದರ ಪ್ರೇಕ್ಷಕರು. ಪ್ರತಿ ಚಿತ್ರದ ಕೆಳಗೆ ರಾಜವಂಶದ ಹೆಸರಿಗಿಂತ ಮೊದಲು ಊರಿನ ಹೆಸರು, ಅಲ್ಲಿಗೆ ಹೋಗುವ ದಾರಿ ಬರೆದಿರಲಿ.